ಆಟದೊಳಗಿನ ಹೆಲಿಕಾಪ್ಟರ್ ಯಾರ ಆಸ್ತಿ?

ಕಾಲೇಜಿನ ವಿಜ್ಞಾನ ಪ್ರದರ್ಶನಕ್ಕೆ ನಾವು ಮೂವರು ಸೇರಿ ಒಂದು ಚಿಕ್ಕ ವಿಡಿಯೊ ಗೇಮ್ ಮಾಡಿದ್ದೆವು. ಹೊಳೆ ಉಕ್ಕಿ ಬಂದಿದೆ, ಮನೆಗಳ ಮಾಳಿಗೆ ಮೇಲೆ ಜನ ನಿಂತಿದ್ದಾರೆ, ಹೆಲಿಕಾಪ್ಟರ್ ಹಾರಿಸಿಕೊಂಡು ಹೋಗಿ ಹಗ್ಗ ಬಿಟ್ಟು ಅವರನ್ನು ಎತ್ತಿ ತರಬೇಕು. ಅಷ್ಟೇ ಆಟ. 2019ರ ಆಗಸ್ಟ್‌ನಲ್ಲಿ ಗಂಗಾವತಿ ಹತ್ತಿರದ ವಿರೂಪಾಪುರ ಗಡ್ಡೆಯಲ್ಲಿ ಸಿಕ್ಕಿಕೊಂಡಿದ್ದವರನ್ನು ವಾಯುಪಡೆಯ ಹೆಲಿಕಾಪ್ಟರ್ ಎತ್ತಿ ತಂದದ್ದನ್ನು ಚಿಕ್ಕಂದಿನಲ್ಲಿ ಟಿವಿಯಲ್ಲಿ ನೋಡಿದ್ದೆ, ಅದೇ ತಲೆಯಲ್ಲಿತ್ತು. ನಮ್ಮ ಹೆಲಿಕಾಪ್ಟರನ್ನು ಎಚ್‌ಎಎಲ್‌ನವರ ಧ್ರುವ್ ನೋಡಿಕೊಂಡೇ ಬರೆದೆವು. ಬಾಲದ ಮೇಲೆ ಕಂಪನಿಯ ಗುರುತು ಹಾಕಿದೆವು. ಆಟಕ್ಕೆ ‘ಧ್ರುವ್ ರೆಸ್ಕ್ಯೂ’ ಎಂದೇ ಹೆಸರಿಟ್ಟೆವು.

ಪ್ಲೇ ಸ್ಟೋರ್‌ಗೆ ಹಾಕುತ್ತೇವೆ ಎಂದಾಗ ಕಂಪ್ಯೂಟರ್ ಸೈನ್ಸ್ ಸರ್ ಕೇಳಿದರು: “ಯಾರನ್ನು ಕೇಳಿ ಹಾಕುತ್ತೀರಪ್ಪಾ?” ನಮ್ಮಲ್ಲಿ ಉತ್ತರ ಇರಲಿಲ್ಲ. ಜೊತೆಯವನೊಬ್ಬ, “ಸರ್, ಪಬ್‌ಜಿಯಲ್ಲಿ ಎಕೆಎಂ ಇಲ್ವಾ?” ಎಂದ. ಸರ್ ನಕ್ಕರು, ಆದರೆ ಪ್ರಶ್ನೆ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಒಂದು ತಿಂಗಳು ಅದನ್ನೇ ಓದಿದ ಮೇಲೆ ನನಗೆ ಅನಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಸರ್ ಪೂರ್ತಿ ಒಪ್ಪಿಲ್ಲ ಎಂಬುದನ್ನೂ ಮೊದಲೇ ಹೇಳಿಬಿಡುತ್ತೇನೆ.

ಈ ಜಗಳ ಅಮೆರಿಕದಲ್ಲಿ ಕೋರ್ಟಿನವರೆಗೂ ಹೋಗಿದೆ. ಅಲ್ಲಿನ ಸೈನ್ಯದ ಹಮ್‌ವೀ ಜೀಪು ಮಾಡುವ ಎಎಂ ಜನರಲ್ ಕಂಪನಿ 2017ರಲ್ಲಿ ಆಕ್ಟಿವಿಷನ್ ಮೇಲೆ ಕೇಸು ಹಾಕಿತು. ‘ಕಾಲ್ ಆಫ್ ಡ್ಯೂಟಿ’ ಆಟದಲ್ಲಿ ನಮ್ಮ ಗಾಡಿಯನ್ನು ಅನುಮತಿ ಇಲ್ಲದೆ ಬಳಸಿದ್ದೀರಿ ಎಂಬುದು ದೂರು. 2020ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನ ನ್ಯಾಯಾಲಯ ಆಕ್ಟಿವಿಷನ್ ಪರವಾಗಿ ತೀರ್ಪು ಕೊಟ್ಟಿತು. ಯುದ್ಧ ನಿಜದಂತೆ ಕಾಣಬೇಕು ಎಂಬುದು ಆಟ ಮಾಡಿದವರ ಉದ್ದೇಶವಾದರೆ, ಸೈನ್ಯ ನಿಜವಾಗಿ ಓಡಿಸುವ ಗಾಡಿ ಅದರಲ್ಲಿರುವುದು ಸಹಜ, ಅದನ್ನು ನೋಡಿ ಈ ಆಟವನ್ನು ಜೀಪ್ ಕಂಪನಿಯೇ ಮಾಡಿದೆ ಎಂದು ಯಾರೂ ಮೋಸ ಹೋಗುವುದಿಲ್ಲ ಎಂಬುದು ಅದರ ಸಾರ. ಅದಕ್ಕೂ ಮೊದಲು, 2012ರಲ್ಲಿ ‘ಬ್ಯಾಟಲ್‌ಫೀಲ್ಡ್ 3’ ಆಟದ ಮೂರು ಬೆಲ್ ಹೆಲಿಕಾಪ್ಟರ್‌ಗಳ ವಿಚಾರದಲ್ಲಿ ಎಲೆಕ್ಟ್ರಾನಿಕ್ ಆರ್ಟ್ಸ್ ಮತ್ತು ಟೆಕ್ಸ್‌ಟ್ರಾನ್ ಕಂಪನಿಗಳ ನಡುವೆ ಇಂಥದೇ ವ್ಯಾಜ್ಯ ನಡೆದಿತ್ತು. ಅದು ತೀರ್ಪಿಲ್ಲದೆ ರಾಜಿಯಲ್ಲಿ ಮುಗಿಯಿತು.

ಹಮ್‌ವೀ ತೀರ್ಪು ನನಗೆ ಸರಿ ಎನಿಸುತ್ತದೆ. ಸೈನ್ಯದ ಗಾಡಿ ಬಿಸ್ಕತ್ ಪೊಟ್ಟಣದಂತಲ್ಲ. ಜನರ ತೆರಿಗೆ ದುಡ್ಡಿನಲ್ಲಿ ಕೊಂಡದ್ದು, ದೇಶದ ಇತಿಹಾಸದ ಭಾಗವಾದದ್ದು. ನಮ್ಮ ಕಡೆಯದೇ ಲೆಕ್ಕ ತೆಗೆದುಕೊಳ್ಳಿ. 2025ರ ಮಾರ್ಚ್‌ನಲ್ಲಿ ರಕ್ಷಣಾ ಸಚಿವಾಲಯ 156 ಪ್ರಚಂಡ್ ಹೆಲಿಕಾಪ್ಟರ್‌ಗಳಿಗೆ ಎಚ್‌ಎಎಲ್ ಜೊತೆ ಮಾಡಿಕೊಂಡ ಒಪ್ಪಂದ 62,700 ಕೋಟಿ ರೂಪಾಯಿಯದು. ಅವು ತಯಾರಾಗುವುದು ಬೆಂಗಳೂರು ಮತ್ತು ತುಮಕೂರಿನ ಕಾರ್ಖಾನೆಗಳಲ್ಲಿ. 2023ರ ಫೆಬ್ರವರಿಯಲ್ಲಿ ಗುಬ್ಬಿ ತಾಲ್ಲೂಕಿನಲ್ಲಿ ಉದ್ಘಾಟನೆಯಾದ ಆ ಕಾರ್ಖಾನೆ ನಮ್ಮ ತ್ಯಾಮಗೊಂಡ್ಲಿಗೆ ಏನೂ ದೂರವಲ್ಲ. ನಮ್ಮ ಚಾಚಾ ದಾಬಸ್‌ಪೇಟೆಯಲ್ಲಿ ಲೇತ್ ಯಂತ್ರದ ಮುಂದೆ ಹದಿನೈದು ವರ್ಷದಿಂದ ನಿಂತಿದ್ದಾರೆ. ತಾವು ಕಡೆಯುವ ತುಂಡು ಕೊನೆಗೆ ಯಾವ ಯಂತ್ರದೊಳಗೆ ಹೋಗಿ ಕೂರುತ್ತದೋ ಅವರಿಗೇ ತಿಳಿದಿಲ್ಲ. ಎಷ್ಟೋ ಕೈಗಳು ಸೇರಿ, ಎಲ್ಲರ ದುಡ್ಡಿನಲ್ಲಿ ಆದ ವಸ್ತುವಿನ ಚಿತ್ರ ಬರೆಯಲು ಒಬ್ಬ ವಿದ್ಯಾರ್ಥಿ ಯಾರ ಬಾಗಿಲು ತಟ್ಟಬೇಕು?

ಹಾಗಂತ ಎಲ್ಲವೂ ಎಲ್ಲರದ್ದು ಎಂದು ನಾನು ಹೇಳುತ್ತಿಲ್ಲ. 2022ರ ಸೇನಾ ದಿನದಂದು ನಮ್ಮ ಭೂಸೇನೆ ಹೊಸ ಸಮವಸ್ತ್ರ ತೋರಿಸಿತು. ಬಳಿಕ ಅದರ ಚುಕ್ಕೆ ಚುಕ್ಕೆಯ ವಿನ್ಯಾಸವನ್ನು ತನ್ನ ಹೆಸರಿನಲ್ಲಿ ನೋಂದಣಿ ಮಾಡಿಸಿತು. 2000ದ ವಿನ್ಯಾಸ ಕಾಯ್ದೆಯ ಪ್ರಕಾರ ಅಂಥ ಹಕ್ಕು ಹತ್ತು ವರ್ಷ ಇರುತ್ತದೆ, ಇನ್ನೈದು ವರ್ಷ ವಿಸ್ತರಿಸಬಹುದು. ಇದು ನ್ಯಾಯವೇ. ಅಂಗಡಿಯಲ್ಲಿ ಯಾರು ಬೇಕಾದರೂ ಅದೇ ಬಟ್ಟೆ ಕೊಂಡು ತೊಟ್ಟುಕೊಂಡರೆ ಸೈನಿಕ ಯಾರು, ಕಳ್ಳ ಯಾರು ಎಂದು ಗೊತ್ತಾಗುವುದು ಹೇಗೆ? ಆದರೆ ವಿನ್ಯಾಸದ ಹಕ್ಕು ನೋಂದಣಿಯಾದ ವರ್ಗದ ವಸ್ತುವಿಗೆ ಅಂಟಿಕೊಂಡದ್ದು. ಬಟ್ಟೆ ಹೊಲಿದು ಮಾರುವುದು ಬೇರೆ, ಆಟದಲ್ಲಿ ಒಬ್ಬ ಸೈನಿಕನ ಗೊಂಬೆ ಬರೆಯುವುದು ಬೇರೆ.

ಸರ್ ವಾದ ಗೆದ್ದದ್ದು ಹೆಸರಿನ ವಿಷಯದಲ್ಲಿ. 2023ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ನಾಯಿಯ ಆಟಿಕೆಯೊಂದರ ಕೇಸಿನಲ್ಲಿ (ಮದ್ಯದ ಬಾಟಲಿಯಂತೆ ಕಾಣುವ ಆಟಿಕೆ, ನೋಡಿ ನಗು ಬಂತು) ಹೇಳಿದ್ದು ಇಷ್ಟು: ಇನ್ನೊಬ್ಬರ ಗುರುತನ್ನು ನಿಮ್ಮ ಸರಕಿನ ಗುರುತಾಗಿಯೇ ಬಳಸಿದರೆ ಕಲೆಯ ಸ್ವಾತಂತ್ರ್ಯದ ಹೆಸರಿನಲ್ಲಿ ಸಿಗುವ ವಿಶೇಷ ರಕ್ಷಣೆ ಸಿಗದು. ನಾವು ಮಾಡಿದ್ದು ಅದೇ ಅಲ್ಲವೇ? ಆಟದ ಒಳಗೆ ಒಂದು ಧ್ರುವ್ ಹಾರಿದ್ದರೆ ಒಂದು ಮಾತು. ಆಟಕ್ಕೇ ಆ ಹೆಸರಿಟ್ಟು, ಬಾಲಕ್ಕೆ ಕಂಪನಿಯ ಗುರುತು ಹಾಕಿದರೆ ಇದನ್ನು ಅವರೇ ಬಿಡುಗಡೆ ಮಾಡಿದ್ದು ಎಂದು ಯಾರಾದರೂ ನಂಬಬಹುದು. ಅಮೆರಿಕದ ತೀರ್ಪು ನಮ್ಮ ಕೋರ್ಟನ್ನು ಕಟ್ಟಿಹಾಕುವುದಿಲ್ಲ, ಆದರೂ ಗ್ರಾಹಕ ಗೊಂದಲಕ್ಕೆ ಬೀಳಬಾರದು ಎಂಬ ವಿಚಾರ ನಮ್ಮ 1999ರ ಟ್ರೇಡ್‌ಮಾರ್ಕ್ ಕಾಯ್ದೆಯಲ್ಲೂ ಇದೆ. ಹೆಸರು ಬದಲಿಸಿದೆವು, ಗುರುತು ಅಳಿಸಿದೆವು.

ಇನ್ನು ಪಬ್‌ಜಿ ಮಾತು ತೆಗೆದ ಗೆಳೆಯನಿಗೆ. ಆಟಗಳಲ್ಲಿ ನಿಜವಾದ ಬಂದೂಕಿನ ಹೆಸರು ಇದ್ದೇ ಇರಬೇಕು ಎಂದೇನಿಲ್ಲ. ನಮ್ಮ ಅಣ್ಣಂದಿರು ಸೈಬರ್ ಸೆಂಟರ್‌ಗಳಲ್ಲಿ ಆಡುತ್ತಿದ್ದ ಕೌಂಟರ್ ಸ್ಟ್ರೈಕ್ 1.6ರಲ್ಲಿ ಎಕೆ-47ಗೆ ‘ಸಿವಿ-47’ ಎಂದು ಹೆಸರಿತ್ತು. ಆಟದ ರುಚಿ ಏನೂ ಕೆಡಲಿಲ್ಲ. ನಮ್ಮ ಬೆಂಗಳೂರಿನ ಎನ್‌ಕೋರ್ ಗೇಮ್ಸ್ 2021ರ ಜನವರಿ 26ರಂದು ಬಿಟ್ಟ ‘ಫೌ-ಜಿ’ಯ ಮೊದಲ ಕಂತಿನಲ್ಲಂತೂ ಬಂದೂಕೇ ಇರಲಿಲ್ಲ, ಗಲ್ವಾನ್ ಕಣಿವೆಯ ಕೈಕೈ ಹೊಡೆದಾಟ ಇತ್ತು.

ನನಗೆ ನಿಜವಾಗಿ ಕಳವಳವಾಗುವುದು ಅನುಮತಿ ಇಲ್ಲದ ಬಳಕೆಯಲ್ಲ, ಅನುಮತಿ ಇರುವ ಬಳಕೆ. 2012ರಲ್ಲಿ ‘ಮೆಡಲ್ ಆಫ್ ಹಾನರ್’ ಆಟದ ವೆಬ್‌ಸೈಟಿನಿಂದ ನೇರವಾಗಿ ಬಂದೂಕು ಕಂಪನಿಗಳ ಪುಟಕ್ಕೆ ದಾರಿ ಇತ್ತು. ಜನ ಬೈದ ಮೇಲೆ ತೆಗೆದರು. ಮರುವರ್ಷ ಅದೇ ಎಲೆಕ್ಟ್ರಾನಿಕ್ ಆರ್ಟ್ಸ್, ಇನ್ನು ಬಂದೂಕು ಕಂಪನಿಗಳ ಜೊತೆ ಪರವಾನಗಿ ಒಪ್ಪಂದ ಮಾಡಿಕೊಳ್ಳುವುದಿಲ್ಲ, ಬಂದೂಕುಗಳು ಮಾತ್ರ ಆಟದಲ್ಲಿ ಇರುತ್ತವೆ ಎಂದಿತು. ಪ್ರತಿ ಚಿತ್ರಕ್ಕೂ ಕಂಪನಿಯ ಅನುಮತಿ ಬೇಕು ಎಂದಾದರೆ ಏನಾಗುತ್ತದೆ ಯೋಚಿಸಿ. ಕಂಪನಿ ತನ್ನ ಆಯುಧವನ್ನು ಚೆಂದ ತೋರಿಸುವವರಿಗೆ ಮಾತ್ರ ಅನುಮತಿ ಕೊಡುತ್ತದೆ. ಅದರ ಗುಂಡು ಮನೆಯೊಂದಕ್ಕೆ ಬಿದ್ದಾಗ ಏನಾಗುತ್ತದೆ ಎಂದು ತೋರಿಸುವ ಆಟಕ್ಕೆ ಕೊಡುತ್ತದೆಯೇ? ಅನುಮತಿ ಕೇಳುವುದೇ ಮರ್ಯಾದೆ ಎನ್ನುವ ಸರ್‌ಗೆ ನನ್ನ ಉತ್ತರ ಇದು. ಅವರ ಉತ್ತರ: “ನೀನು ಗುಂಡಿನ ಆಟ ಮಾಡಿಲ್ಲವಲ್ಲ, ಕೇಳುವುದಕ್ಕೆ ನಿನಗೇನು ಭಯ?”

ಅದೂ ಸರಿಯೇ. ಎಚ್‌ಎಎಲ್‌ಗೆ ಒಂದು ಪತ್ರ ಬರೆಯುವುದು ಎಂದು ತೀರ್ಮಾನವಾಗಿದೆ. ಆದರೆ ಕರಡಿನಲ್ಲಿ ನಾನು ‘ಅನುಮತಿ ಕೊಡಿ’ ಎಂದು ಬರೆದಿಲ್ಲ, ‘ನಾವು ಹೀಗೊಂದು ಆಟ ಮಾಡಿದ್ದೇವೆ, ನೋಡಿ’ ಎಂದು ಬರೆದಿದ್ದೇನೆ. ಸರ್ ಆ ಸಾಲಿನ ಕೆಳಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದು ವಾಪಸ್ ಕೊಟ್ಟಿದ್ದಾರೆ. ಆಟ ಕಂಪ್ಯೂಟರ್ ಲ್ಯಾಬಿನ ಮೂರನೇ ಸಿಸ್ಟಂನಲ್ಲಿದೆ. ಈಗ ಅದರ ಹೆಸರು ‘ನೆರೆ’. ಎರಡನೇ ಹಂತದಲ್ಲಿ ಹಗ್ಗ ಒಮ್ಮೊಮ್ಮೆ ಮಾಳಿಗೆಯೊಳಗೇ ತೂರಿಹೋಗುತ್ತದೆ, ಅದನ್ನು ಸರಿಮಾಡುವುದು ಬಾಕಿ ಇದೆ.