ಕರೆಯುವ ನಾಲಿಗೆ, ಬರೆಯುವ ದಾಖಲೆ: ಇಂಗ್ಲಿಶ್ ನಾಡಿನಲ್ಲಿ ಫ್ರೆಂಚ್ ಹೆಸರು

ಕನ್ನಡದಲ್ಲಿ ವ್ಯಕ್ತಿನಾಮಗಳ ಅಧ್ಯಯನವು ಬಹುಮಟ್ಟಿಗೆ ನಿಷ್ಪತ್ತಿಯ ಅಧ್ಯಯನವಾಗಿಯೇ ಉಳಿದಿದೆ. ಹೆಸರಿನ ಮೂಲರೂಪ ಯಾವುದು, ಅದು ದೇಶ್ಯವೋ ಸಂಸ್ಕೃತಜನ್ಯವೋ, ಯಾವ ದೈವದ ಅಥವಾ ಯಾವ ಊರಿನ ನೆನಪು ಅದರಲ್ಲಿ ಅಡಗಿದೆ ಎಂಬುದನ್ನು ನಿರ್ಧರಿಸಿದೊಡನೆ ನಮ್ಮ ಕೆಲಸ ಮುಗಿಯಿತೆಂದು ಭಾವಿಸುತ್ತೇವೆ. ಶಾಸನೋಕ್ತ ಹೆಸರುಗಳ ಮಟ್ಟಿಗೆ ಈ ಕ್ರಮ ಅನಿವಾರ್ಯ. ಅವನ್ನು ಕರೆದ ನಾಲಿಗೆಗಳು ಈಗ ಇಲ್ಲ. ಬದುಕಿರುವವರ ಹೆಸರುಗಳಿಗೂ ಇದೇ ಅಳತೆಗೋಲನ್ನು ಹಿಡಿಯುವುದು ಮಾತ್ರ ಸರಿಯಲ್ಲವೆಂಬುದು ನನ್ನ ಅಭಿಪ್ರಾಯ. ಇದನ್ನು ವಿವರಿಸಲು ಉದ್ದೇಶಪೂರ್ವಕವಾಗಿ ನಮಗೆ ದೂರದ ಒಂದು ನಿದರ್ಶನವನ್ನು ಆಯ್ದುಕೊಂಡಿದ್ದೇನೆ: ಇಂಗ್ಲಿಶ್ ಮಾತಾಡುವ ನಾಡಿನಲ್ಲಿ ಹುಟ್ಟಿದ ಮಗುವಿಗೆ ಫ್ರೆಂಚ್ ಹೆಸರಿಡುವ ಪದ್ಧತಿ. ನಮ್ಮ ಜಾತಿ ಮತಗಳ ಸೋಂಕಿಲ್ಲದ ಉದಾಹರಣೆಯಾದ್ದರಿಂದ ಇಲ್ಲಿ ವಾದವು ಬೇಗನೆ ಜಗಳವಾಗಲಾರದು ಎಂಬ ಆಸೆಯೂ ಇದರ ಹಿಂದಿದೆ.

ಮೇಲ್ನೋಟಕ್ಕೆ ಇದು ಅಭಿರುಚಿಯ ಪ್ರಶ್ನೆ. ಆದರೆ ಇಂಗ್ಲೆಂಡಿನಲ್ಲಿ ಫ್ರೆಂಚ್ ಹೆಸರು ಮೊದಲು ಬಂದದ್ದು ಅಭಿರುಚಿಯಾಗಿ ಅಲ್ಲ, ಅಧಿಕಾರವಾಗಿ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಗಾಡ್ವಿನ್, ಲಿಯೋಫ್ರಿಕ್, ಎಥೆಲ್ರೆಡ್‌ನಂತಹ ಹಳೆಯ ಇಂಗ್ಲಿಶ್ ಹೆಸರುಗಳು ಸುಮಾರು ಎರಡು ಶತಮಾನಗಳೊಳಗೆ ಬಳಕೆಯಿಂದ ಬಹುಮಟ್ಟಿಗೆ ಜಾರಿಹೋದವು. ಎಡ್ವರ್ಡ್, ಎಡ್ಮಂಡ್‌ಗಳಂತಹ ಕೆಲವು ಮಾತ್ರ ಸಂತರಾದ ಅರಸರ ನೆನಪಿನ ಬಲದಿಂದ ಉಳಿದವು. ವಿಲಿಯಂ, ರಾಬರ್ಟ್, ರಿಚರ್ಡ್, ಹೆನ್ರಿಗಳನ್ನು ಇಂದು ಅಪ್ಪಟ ಇಂಗ್ಲಿಶ್ ಹೆಸರುಗಳೆಂದು ನಾವು ಪಾಠ ಹೇಳುತ್ತೇವೆ. ಧಾತುವಿನಲ್ಲಿ ಅವು ಜರ್ಮಾನಿಕ್. ಬಂದ ದಾರಿಯಲ್ಲಿ ನಾರ್ಮನ್ ಫ್ರೆಂಚ್. ಇಂದಿನ ಬಳಕೆಯಲ್ಲಿ ಇಂಗ್ಲಿಶ್. ಹಾಗಾದರೆ ‘ಫ್ರೆಂಚ್ ಹೆಸರು’ ಎಂದರೆ ಯಾವುದು? ಗೆದ್ದವರ ಹೆಸರನ್ನು ಸೋತವರ ಮಕ್ಕಳು ಹೊತ್ತು, ಕೆಲವು ತಲೆಮಾರು ಕಳೆದ ಮೇಲೆ ಅದು ತಮ್ಮದೇ ಎಂದು ನಂಬಿದ ಮೇಲೆ ಆ ಪ್ರಶ್ನೆಗೆ ನಿಷ್ಪತ್ತಿಶಾಸ್ತ್ರದಲ್ಲಿ ಉತ್ತರವಿಲ್ಲ.

ಒಂದೇ ಹೆಸರು ಎರಡು ಸಲ ಬಂದ ಪ್ರಸಂಗವೂ ಉಂಟು. ‘ಪ್ರೀತಿಪಾತ್ರಳು’ ಎಂಬ ಅರ್ಥದ ಹಳೆಯ ಫ್ರೆಂಚ್ ರೂಪವು ಇಂಗ್ಲಿಶಿನಲ್ಲಿ ಏಮಿ ಎಂದಾಗಿ ಮನೆಮಗಳಾಯಿತು. ಶತಮಾನಗಳ ಅನಂತರ ಅದೇ ಹೆಸರನ್ನು ಆಧುನಿಕ ಫ್ರೆಂಚ್ ಕಾಗುಣಿತದಲ್ಲಿ ‘ಎಮೆ’ ಎಂದು ಮತ್ತೊಮ್ಮೆ ತಂದುಕೊಂಡರು. (ಕನ್ನಡ ಲಿಪಿಯಲ್ಲಿ ಬರೆದೊಡನೆ ಇದು ಕಣ್ಣೆವೆಯಾಗಿಬಿಡುತ್ತದೆ, ಒತ್ತು ಬಿದ್ದರೆ ಇನ್ನೂ ಅಪಾಯ.) ಅರ್ಥ ಒಂದೇ, ಮೂಲ ಒಂದೇ, ಆದರೂ ತಂದೆತಾಯಿಗಳು ಆ ಕಾಗುಣಿತವನ್ನೇ ಆರಿಸುವುದು ಅದರಲ್ಲಿ ಕಾಣುವ ಪರದೇಶದ ಹೊಳಪಿಗಾಗಿ.

ಹೊಳಪಿನ ಬೆಲೆಯನ್ನು ತೆರುವುದು ಮಗು. ಫ್ರೆಂಚಿನಲ್ಲಿ ‘ರೆನೆ’ ಎಂಬುದು ಗಂಡಿಗೂ ಹೆಣ್ಣಿಗೂ ಇರುವ ಹೆಸರು. ಉಚ್ಚಾರ ಒಂದೇ, ಲಿಂಗಭೇದ ತಿಳಿಯುವುದು ಬರಹದ ಕೊನೆಯ ಅಕ್ಷರದಿಂದ. ಸ್ವರದ ಮೇಲಿನ ಗುರುತನ್ನು ಕೈಬಿಟ್ಟರೆ ಇಂಗ್ಲಿಶ್ ಓದುಗನು ಗಂಡುರೂಪವನ್ನು ‘ರೀನ್’ ಎಂದು ಓದಲು ಅಡ್ಡಿಯಿಲ್ಲ. ‘ಜಾಂ’ ಎಂದು ಫ್ರೆಂಚರು ಮೂಗಿನಿಂದ ಕರೆಯುವ ಗಂಡುಹೆಸರು ಅದೇ ಅಕ್ಷರಗಳಲ್ಲಿ ಇಂಗ್ಲಿಶಿಗೆ ಬಂದರೆ ‘ಜೀನ್’ ಎಂಬ ಹೆಣ್ಣುಹೆಸರು. ಇಂಗ್ಲಿಶ್ ನಾಡುಗಳಲ್ಲಿಯೂ ಪರಸ್ಪರ ಒಪ್ಪಂದವಿಲ್ಲ: ಬ್ರಿಟನ್ನಿನ ಮಾರಿಸ್ ಅಮೆರಿಕದಲ್ಲಿ ಮೊರೀಸ್, ಅಲ್ಲಿ ಮೊದಲ ಅಕ್ಷರಕ್ಕೆ ಬೀಳುವ ಒತ್ತು ಇಲ್ಲಿ ಕೊನೆಯದಕ್ಕೆ. ನಾವು ಬರ್ನಾರ್ಡ್ ಶಾ ಎಂದು ಬರೆಯುತ್ತಾ ಬಂದಿರುವ ನಾಟಕಕಾರನ ಹೆಸರಿಗೂ ಇದೇ ಎರಡು ಪಾಠಗಳಿವೆ. ನಮ್ಮ ದೀರ್ಘವು ಬ್ರಿಟನ್ನಿನ ಉಚ್ಚಾರಕ್ಕೆ ಹೊಂದುವಂಥದಲ್ಲ.

ದಾಖಲೆಯ ಮಾತು ಬಂದಾಗ ವಿಷಯ ಇನ್ನಷ್ಟು ಬಿಗಿಯಾಗುತ್ತದೆ. 1986ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ಇಂಗ್ಲಿಶನ್ನು ರಾಜ್ಯದ ಅಧಿಕೃತ ಭಾಷೆಯನ್ನಾಗಿ ಅಂಗೀಕರಿಸಿದರು. ಅದರ ಪರಿಣಾಮವಾಗಿ ಜನನಪತ್ರಗಳಲ್ಲಿ ಇಂಗ್ಲಿಶಿನ 26 ಅಕ್ಷರಗಳಿಗೆ ಮಾತ್ರ ಪ್ರವೇಶ ಉಳಿಯಿತು. ಸ್ವರದ ಮೇಲಿನ ಗೆರೆಗೆ, ಚುಕ್ಕೆಗೆ ಎಡೆಯಿರಲಿಲ್ಲ. ಇದನ್ನು ಸಡಿಲಿಸುವ ಮಸೂದೆಯೊಂದು 2017ರಲ್ಲಿ ಶಾಸನಸಭೆಯನ್ನು ದಾಟಿತಾದರೂ ಗವರ್ನರ್ ಜೆರ್ರಿ ಬ್ರೌನ್ ಅದಕ್ಕೆ ಅಂಕಿತ ಹಾಕಲಿಲ್ಲ. ಹಾಗೆಂದು ಫ್ರಾನ್ಸ್ ಹೆಸರುಗಳ ವಿಷಯದಲ್ಲಿ ಉದಾರವಾಗಿತ್ತೆಂದು ತಿಳಿಯಬೇಕಿಲ್ಲ. 1803ರ ಕಾನೂನಿನಂತೆ ಅಲ್ಲಿ ಮಗುವಿಗೆ ಇಡಬಹುದಾಗಿದ್ದ ಹೆಸರುಗಳು ಪಂಚಾಂಗಗಳಲ್ಲಿ ಇದ್ದಂಥವು ಅಥವಾ ಪ್ರಾಚೀನ ಇತಿಹಾಸದ ವ್ಯಕ್ತಿಗಳವು ಮಾತ್ರ. ಬ್ರೆಟನ್ ಭಾಷೆಯ ಹೆಸರುಗಳನ್ನು ತಿರಸ್ಕರಿಸಿದ ಅಧಿಕಾರಿಗಳು ಇಪ್ಪತ್ತನೆಯ ಶತಮಾನದಲ್ಲಿಯೂ ಇದ್ದರು. ಆ ಕಟ್ಟು ಪೂರ್ತಿಯಾಗಿ ಕಳಚಿದ್ದು 1993ರಲ್ಲಿ. ಸ್ವಾರಸ್ಯವೆಂದರೆ, 1990ರ ದಶಕದ ಆರಂಭದ ಫ್ರಾನ್ಸಿನಲ್ಲಿ ಗಂಡುಮಕ್ಕಳಿಗೆ ಅತಿ ಹೆಚ್ಚಾಗಿ ಇಡುತ್ತಿದ್ದ ಹೆಸರು ಐರಿಶ್ ಮೂಲದ ಕೆವಿನ್. ಇಂಗ್ಲಿಶ್ ಲೋಕದಿಂದ ಬಂದ ಆ ಹೆಸರು ಅಲ್ಲಿ ಬೇಗನೆ ಕೆಳವರ್ಗದ ಗುರುತಾಗಿ ನಗೆಗೀಡಾಯಿತು. ಫ್ರಾನ್ಸಿನಿಂದ ಇಂಗ್ಲಿಶ್ ನಾಡಿಗೆ ಹೋದ ಹೆಸರಿಗೆ ನಾಜೂಕಿನ ಮನ್ನಣೆ. ಇಂಗ್ಲಿಶ್ ನಾಡಿನಿಂದ ಫ್ರಾನ್ಸಿಗೆ ಹೋದ ಹೆಸರಿಗೆ ಅಗ್ಗದ ಪಟ್ಟ.

ಆದರೆ ಈ ಮನ್ನಣೆಯೂ ಎಲ್ಲ ಫ್ರೆಂಚ್ ಹೆಸರುಗಳಿಗೆ ದೊರೆಯುವುದಿಲ್ಲ. ಸಮಾಜಶಾಸ್ತ್ರಜ್ಞ ಸ್ಟ್ಯಾನ್ಲಿ ಲೀಬರ್ಸನ್ 2000ರಲ್ಲಿ ಪ್ರಕಟವಾದ ತಮ್ಮ ‘ಎ ಮ್ಯಾಟರ್ ಆಫ್ ಟೇಸ್ಟ್’ ಗ್ರಂಥದಲ್ಲಿ ಹೆಸರುಗಳ ಏರಿಳಿತಕ್ಕೆ ಹೊರಗಿನ ಘಟನೆಗಳಷ್ಟೇ ಕಾರಣವಲ್ಲ, ಫ್ಯಾಶನ್ನಿಗೆ ತನ್ನದೇ ಆದ ಒಳಚಲನೆಯಿದೆ ಎಂದು ವಾದಿಸಿದ್ದಾರೆ. ಮಿಶೆಲ್, ನಿಕೋಲ್‌ಗಳಂತಹ ಹೆಸರುಗಳು ಅಮೆರಿಕದಲ್ಲಿ ಒಂದು ಕಾಲಕ್ಕೆ ಮನೆಮನೆಗೂ ಹಬ್ಬಿ ಅನಂತರ ಇಳಿದದ್ದನ್ನು ವಿವರಿಸಲು ಅವರ ವಾದ ಸಾಕು. ಆದರೆ ಆಯ್ಕೆಯ ಸ್ವಾತಂತ್ರ್ಯವಿದ್ದವರ ಮಟ್ಟಿಗೆ ಮಾತ್ರ ಅದು ಸಾಕು. ಲೂಯಿಸಿಯಾನಾದ 1921ರ ಸಂವಿಧಾನವು ಶಾಲೆಗಳ ಬೋಧನೆ ಇಂಗ್ಲಿಶಿನಲ್ಲಿಯೇ ನಡೆಯಬೇಕೆಂದು ವಿಧಿಸಿತು. ಮನೆಯ ಫ್ರೆಂಚನ್ನು ಶಾಲೆಯಲ್ಲಿ ಆಡಿದ ಮಕ್ಕಳು ಶಿಕ್ಷೆ ಅನುಭವಿಸಿದರು. ಅವರಿಗೆ ಫ್ರೆಂಚ್ ಹೆಸರು ಒಡವೆಯಾಗಿರಲಿಲ್ಲ, ಸಿಕ್ಕಿಬೀಳಿಸುವ ಸಾಕ್ಷಿಯಾಗಿತ್ತು.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಪರಿಚಿತವಾದ ಹೆಸರೊಂದನ್ನೇ ನೋಡೋಣ. ಜ್ಯಾಕ್ ಕೆರುವಾಕ್ 1922ರಲ್ಲಿ ಮ್ಯಾಸಚೂಸೆಟ್ಸ್‌ನ ಲೋವೆಲ್ ಎಂಬ ಗಿರಣಿ ಊರಿನಲ್ಲಿ, ಕ್ವಿಬೆಕ್‌ನಿಂದ ವಲಸೆ ಬಂದ ಮನೆತನದಲ್ಲಿ ಹುಟ್ಟಿದವನು. ಹುಟ್ಟುಹೆಸರು ಜಾಂ-ಲೂಯಿ, ಮನೆಯಲ್ಲಿ ಕರೆಯುತ್ತಿದ್ದುದು ‘ತಿ ಜಾಂ’, ಅಂದರೆ ಪುಟ್ಟ ಜಾಂ. ಅವನು ಇಂಗ್ಲಿಶ್ ಕಲಿಯತೊಡಗಿದ್ದು ಶಾಲೆಗೆ ಹೋಗುವ ವಯಸ್ಸಿನಲ್ಲಿ. 1950ರಲ್ಲಿ ಬಂದ ಮೊದಲ ಕಾದಂಬರಿಯ ಮುಖಪುಟದಲ್ಲಿ ಅವನು ಜಾನ್. 1957ರ ‘ಆನ್ ದ ರೋಡ್’ ಹೊತ್ತಿಗೆ ಜ್ಯಾಕ್. ಅವನು ಫ್ರೆಂಚಿನಲ್ಲಿ ಬರೆದಿಟ್ಟಿದ್ದ ಬರಹಗಳು ಪುಸ್ತಕರೂಪದಲ್ಲಿ ಬಂದದ್ದು 2016ರಲ್ಲಿ, ಅವನು ಸತ್ತು 47 ವರ್ಷಗಳ ಮೇಲೆ. ‘ತಿ ಜಾಂ’, ಜಾನ್, ಜ್ಯಾಕ್: ಮೂರಕ್ಕೂ ಮೂಲ ಒಂದೇ ಹೀಬ್ರೂ ಹೆಸರು ಎಂದು ಬರೆದು ಕೈತೊಳೆದುಕೊಳ್ಳುವ ನಿಷ್ಪತ್ತಿಕಾರನು ಈ ಲೇಖಕನ ಬದುಕಿನ ಒಂದು ಮುಖ್ಯ ಪಠ್ಯವನ್ನೇ ಓದದೆ ಬಿಟ್ಟಂತಾಗುತ್ತದೆ.

ಇಂಗ್ಲಿಶ್ ನಾಡಿನ ತಂದೆತಾಯಿಗಳು ಫ್ರೆಂಚ್ ಹೆಸರಿಡಬಾರದೆಂದು ನಾನು ಹೇಳುತ್ತಿಲ್ಲ. ಇಟ್ಟ ಮೇಲೆ ಪ್ಯಾರಿಸ್ಸಿನ ಉಚ್ಚಾರವನ್ನು ನೆರೆಹೊರೆಯವರ ಮೇಲೆ ಹೇರುವುದು ಮಾತ್ರ ವ್ಯರ್ಥ ಛಲವೆಂದು ತೋರುತ್ತದೆ. ಆಫ್ರಿಕನ್ ಅಮೆರಿಕನ್ನರು ಆಂತ್ವಾನ್ ಎಂಬ ಫ್ರೆಂಚ್ ಹೆಸರನ್ನು ತಮ್ಮ ಕಿವಿಗೆ ಕೇಳಿದಂತೆ ಹೊಸ ಕಾಗುಣಿತದಲ್ಲಿ ಬರೆದುಕೊಂಡದ್ದನ್ನು ಅಶುದ್ಧವೆಂದು ಮೂಗು ಮುರಿದವರಿದ್ದಾರೆ. ಉಚ್ಚರಿಸಿದಂತೆ ಬರೆಯುವುದನ್ನು ತನ್ನ ಹೆಮ್ಮೆಯೆಂದು ಹೇಳಿಕೊಳ್ಳುವ ಭಾಷೆಯವರಾದ ನಾವಾದರೂ ಅದನ್ನು ವಿವೇಕವೆಂದು ಗುರುತಿಸಬೇಕು.

ನನ್ನನ್ನು ಹೆಚ್ಚು ಕಾಡುವುದು ಶ್ರಮದ ಹಂಚಿಕೆಯಲ್ಲಿರುವ ತಾರತಮ್ಯ. ಉಚ್ಚರಿಸದ ಅಕ್ಷರಗಳಿಂದ ತುಂಬಿದ ಫ್ರೆಂಚ್ ಹೆಸರನ್ನು ಕಲಿಯಲು ಇಂಗ್ಲಿಶ್ ನಾಲಿಗೆ ಉತ್ಸಾಹದಿಂದ ದುಡಿಯುತ್ತದೆ. ಅಲ್ಲಿ ಕಷ್ಟವೇ ನಾಜೂಕು. ಅದೇ ನಾಡಿನಲ್ಲಿ ನೆಲಸಿದ ನಮ್ಮವರು ಮಗುವಿಗೆ ಹೆಸರು ಹುಡುಕುವಾಗ ಳಕಾರ, ಣಕಾರ, ಮಹಾಪ್ರಾಣಗಳನ್ನು ಮೊದಲೇ ದೂರವಿಟ್ಟು ನೀಲ್, ಮಾಯಾ ಎಂಬಂಥವುಗಳ ಬಳಿ ನಿಲ್ಲುವುದನ್ನು ಕಂಡಿದ್ದೇವೆ. ಅವರನ್ನು ದೂಷಿಸಲು ನನಗೆ ಮನಸ್ಸಿಲ್ಲ. ಹಾಜರಿ ಕರೆಯುವಾಗ ದಿನವೂ ತಡವರಿಸುವ ಉಪಾಧ್ಯಾಯರ ಎದುರು ನಿಲ್ಲಬೇಕಾದದ್ದು ಮಗು. ನಮ್ಮ ಲಿಪಿಯೂ ಈ ಯಜಮಾನಿಕೆಗೆ ಹೊರತಲ್ಲ. ಫ್ರೆಂಚಿನ ತ, ದಗಳು ನಮ್ಮವುಗಳಂತೆಯೇ ದಂತ್ಯಗಳು. ಆದರೂ ಇಂಗ್ಲಿಶಿನ ಮೂಲಕ ಕೇಳಿದ ಕಾರಣಕ್ಕೆ ನಮ್ಮ ವಿಮರ್ಶೆಯಲ್ಲಿ ದೆರಿದಾ ಡೆರಿಡಾ ಆಗಿದ್ದಾನೆ. ಸರಿಯಾದ ಅಕ್ಷರ ನಮ್ಮ ಕೈಯಲ್ಲೇ ಇದ್ದೂ ಎರವಲು ಕಿವಿಯಿಂದ ಕೇಳಿದೆವು.

ನನ್ನ ಕ್ಷೇತ್ರಕಾರ್ಯದ ಮೊದಲ ಪ್ರಶ್ನಾವಳಿಯಲ್ಲಿ ‘ಹೆಸರು’ ಎಂಬುದರ ಮುಂದೆ ಒಂದೇ ಖಾಲಿ ಗೆರೆ ಇತ್ತು. ಹಿರಿಯರೊಬ್ಬರು ಅದನ್ನು ನೋಡಿ, “ಯಾವ ಹೆಸರು ಬರೆಸಲಿ, ರೇಷನ್ ಕಾರ್ಡಿನದೋ ಮನೆಯದೋ?” ಎಂದು ಕೇಳಿದರು. ಈಗ ಮೂರು ಗೆರೆಗಳಿವೆ: ದಾಖಲೆಯಲ್ಲಿ, ಮನೆಯಲ್ಲಿ, ಪರಊರಿನಲ್ಲಿ. ಮೂರನೆಯದನ್ನು ತುಂಬುವಾಗ ಜನ ತುಸು ತಡೆಯುತ್ತಾರೆ.