ಹಳೆಯ ಫೋನು, ಹೊಸ ಸಾಲ

ತೊಗರಿ ಬೆಳೆಯುವ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಮೊಬೈಲ್ ಫೋನೂ ಈಗ ಕೃಷಿ ಉಪಕರಣವಾಗಿದೆ. 2020ರ ಮುಂಗಾರಿನಲ್ಲಿ ರಾಜ್ಯ ಸರ್ಕಾರವು ಬೆಳೆ ಸಮೀಕ್ಷೆಯನ್ನು ರೈತರೇ ಆ್ಯಪ್ ಮೂಲಕ ನಡೆಸುವ ವ್ಯವಸ್ಥೆ ತಂದಿತು. ಹೊಲದಲ್ಲಿ ನಿಂತು ಬೆಳೆಯ ಚಿತ್ರ ತೆಗೆದು ಕಳುಹಿಸಬೇಕು. ಬೆಳೆ ವಿಮೆಗೆ, ಬೆಳೆಹಾನಿ ಪರಿಹಾರಕ್ಕೆ ಆ ದಾಖಲೆ ಆಧಾರ. ಉದ್ಯೋಗ ಖಾತರಿಯ ಕೂಲಿಗೂ ಇದೇ ಗತಿ ಬಂತು. 2023ರ ಜನವರಿ 1ರಿಂದ ಎಲ್ಲ ಕಾಮಗಾರಿ ಸ್ಥಳಗಳ ಹಾಜರಾತಿಯನ್ನು ಎನ್‌ಎಂಎಂಎಸ್ ಆ್ಯಪ್‌ನಲ್ಲಿ, ದಿನಕ್ಕೆರಡು ಚಿತ್ರಗಳೊಡನೆ ದಾಖಲಿಸುವುದನ್ನು ಕೇಂದ್ರ ಸರ್ಕಾರ ಕಡ್ಡಾಯಗೊಳಿಸಿತು. ಚಿತ್ರ ಹೋಗದಿದ್ದರೆ ದುಡಿದ ದಿನ ಲೆಕ್ಕಕ್ಕೆ ಸಿಗದು. ಮಲೆನಾಡಿನ ಹಳ್ಳಿಗಳಿಗೂ ಇವೇ ನಿಯಮಗಳು ಅನ್ವಯಿಸಿದ್ದರಿಂದ, ಬಯಲುಸೀಮೆಯ ಈ ಕಷ್ಟ ಘಟ್ಟದ ಮೇಲಿನವರಿಗೂ ಹೊಸದಲ್ಲ.

ಇಂಥಲ್ಲಿ ಮೂರು ವರ್ಷದ ಫೋನು ತಡವರಿಸತೊಡಗಿದಾಗ ಕಂತಿನ ಸಾಲ ಮಾಡಿ ಹೊಸದನ್ನು ಕೊಳ್ಳುವವರನ್ನು ಕೊಳ್ಳುಬಾಕರೆಂದು ಹಳಿಯುವುದು ಅನ್ಯಾಯ. ಆದರೆ ಆ ಫೋನು ನಿಜವಾಗಿಯೂ ಮುದಿಯಾಗಿದೆಯೇ ಎಂದು ಕೇಳಲೇಬೇಕು.

ಮೊದಲು ಸವೆಯುವುದು ಬ್ಯಾಟರಿ. ಸುಮಾರು 500 ಬಾರಿ ಪೂರ್ತಿ ಚಾರ್ಜ್ ಆಗಿ ಬರಿದಾಗುವ ಹೊತ್ತಿಗೆ ಲಿಥಿಯಂ ಬ್ಯಾಟರಿ ತನ್ನ ಸಾಮರ್ಥ್ಯದ ಐದನೇ ಒಂದು ಪಾಲನ್ನು ಕಳೆದುಕೊಳ್ಳುವುದು ಸಾಮಾನ್ಯ. ಬಿಸಿ ತಾಗಿದರೆ ಸವಕಳಿ ಇನ್ನೂ ಬೇಗ; 42 ಡಿಗ್ರಿ ದಾಟುವ ಕಲಬುರಗಿಯ ಬೇಸಿಗೆಯಲ್ಲಿ ತಗಡಿನ ಮಾಡಿನ ಕೆಳಗೆ ಚಾರ್ಜಿಗಿಟ್ಟ ಫೋನಿನ ಪಾಡನ್ನು ಊಹಿಸಬಹುದು. ಸವೆದ ಬ್ಯಾಟರಿ ಒಮ್ಮೆಲೇ ಹೆಚ್ಚು ವಿದ್ಯುತ್ ಕೊಡಲಾರದು. ಫೋನು ಹಠಾತ್ತನೆ ಆರಿಹೋಗದಿರಲೆಂದು ತಂತ್ರಾಂಶವೇ ವೇಗವನ್ನು ತಗ್ಗಿಸುವುದುಂಟು. ಆ್ಯಪಲ್ ಕಂಪನಿ ತನ್ನ ಹಳೆಯ ಫೋನುಗಳಲ್ಲಿ ಹೀಗೆ ಮಾಡುತ್ತಿದ್ದುದನ್ನು 2017ರ ಡಿಸೆಂಬರಿನಲ್ಲಿ ಒಪ್ಪಿಕೊಂಡಿತು. ಗ್ರಾಹಕರಿಗೆ ತಿಳಿಸದಿದ್ದುದಕ್ಕಾಗಿ 2020ರಲ್ಲಿ ಫ್ರಾನ್ಸ್ 2.5 ಕೋಟಿ ಯೂರೋ ದಂಡ ವಿಧಿಸಿತು. ಬ್ಯಾಟರಿಯೊಂದನ್ನು ಬದಲಿಸಿದ್ದರೆ ವೇಗ ಮರಳುತ್ತಿತ್ತು. ಅದನ್ನರಿಯದೆ ಎಷ್ಟೋ ಜನ ಹೊಸ ಫೋನನ್ನೇ ಕೊಂಡಿದ್ದರು.

ಮೆಮೊರಿ ತುಂಬಿದರೂ ಫೋನು ನಿಧಾನವಾಗುತ್ತದೆ. ದಿನಬೆಳಗಾದರೆ ಬಂದು ಬೀಳುವ ಶುಭೋದಯದ ಚಿತ್ರಗಳನ್ನು, ಮದುವೆಯ ವಿಡಿಯೊಗಳನ್ನು ಅಳಿಸಿದರೆ ಅದಕ್ಕೆ ಪರಿಹಾರವುಂಟು. ಆದರೆ ಆ್ಯಪ್‌ಗಳು ಆವೃತ್ತಿಯಿಂದ ಆವೃತ್ತಿಗೆ ಭಾರವಾಗುವುದು ಬಳಕೆದಾರರ ಕೈಯಲ್ಲಿಲ್ಲ. 2025ರ ಜನವರಿಯಿಂದ ಆಂಡ್ರಾಯ್ಡ್ 4.4ರ ಫೋನುಗಳಲ್ಲಿ ವಾಟ್ಸ್‌ಆ್ಯಪ್ ನಿಂತಿತು. ಅವುಗಳ ಯಂತ್ರಭಾಗವೇನೂ ಅಂದು ಕೆಟ್ಟಿರಲಿಲ್ಲ.

ಫೋನೊಂದರ ಇಂಗಾಲದ ಹೊರೆಯಲ್ಲಿ ಬಹುಪಾಲು ಅದು ತಯಾರಾಗುವಾಗಲೇ ಭೂಮಿಯ ಮೇಲೆ ಬಿದ್ದಿರುತ್ತದೆ. ಜಗತ್ತಿನ ಕೋಬಾಲ್ಟಿನಲ್ಲಿ ಅರ್ಧಕ್ಕೂ ಹೆಚ್ಚು ಕಾಂಗೋದ ನೆಲ ಬಗೆದು ಬಂದದ್ದು. 2005ರ ಕೊನೆಗೆ ಗಣಿಗಾರಿಕೆ ನಿಂತ ಕುದುರೆಮುಖವನ್ನು ಕಂಡವರಿಗೆ ಅದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಐರೋಪ್ಯ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಜಾರಿಯಾದ ನಿಯಮದಂತೆ, ಒಂದು ಮಾದರಿಯ ಮಾರಾಟ ನಿಂತ ಮೇಲೂ ಕಂಪನಿಗಳು ಮುಖ್ಯ ಬಿಡಿಭಾಗಗಳನ್ನು 7 ವರ್ಷ ಒದಗಿಸಬೇಕು. ಭಾರತದಲ್ಲಿ 2022ರ ಡಿಸೆಂಬರಿನಲ್ಲಿ ದುರಸ್ತಿ ಹಕ್ಕಿನ ಜಾಲತಾಣವೊಂದು ಆರಂಭವಾಯಿತು. ಮಾಹಿತಿ ನೀಡುವುದು ಅದರ ಕೆಲಸ, ಕಂಪನಿಗಳನ್ನು ಕಟ್ಟಿಹಾಕುವ ಬಲ ಅದಕ್ಕಿಲ್ಲ. ಕೂಲಿಯನ್ನೂ ಬೆಳೆಯನ್ನೂ ಫೋನಿಗೆ ಗಂಟುಹಾಕುವ ಸರ್ಕಾರವು ತನ್ನ ಆ್ಯಪ್‌ಗಳು ಏಳು ವರ್ಷದ ಹಳೆಯ ಫೋನಿನಲ್ಲೂ ನಡೆಯುವಂತೆ ನೋಡಿಕೊಳ್ಳಬೇಕು. ನಡೆಯದ ದಿನ ಕಾಗದದ ಹಾಜರಿ ಪುಸ್ತಕವನ್ನು ಮಾನ್ಯ ಮಾಡಬೇಕು. ಗ್ರಾಮಸಭೆಗಳು ಈ ಬೇಡಿಕೆಯನ್ನು ಠರಾವಿನಲ್ಲಿ ಬರೆಸಬಹುದು. ಅಲ್ಲಿಯವರೆಗೆ, ಹೊಸ ಫೋನಿನ ಅಂಗಡಿಗೆ ಹೋಗುವ ಮುನ್ನ ದುರಸ್ತಿಯವನ ಬಳಿ ಬ್ಯಾಟರಿ ಬದಲಿಸಿ ನೋಡುವುದು ಲೇಸು.