ಬಿಡಿ ಹರಳು, ಬಿಡುವ ಮನಸ್ಸು

ದೀಪಾವಳಿ ಸಮೀಪಿಸಿದಂತೆ ಆಭರಣದ ಅಂಗಡಿಗಳಲ್ಲಿ ಒಡವೆಗಳ ಜೊತೆಗೆ ಬಿಡಿ ಹರಳುಗಳಿಗೂ ಬೇಡಿಕೆ ಬರುತ್ತದೆ. ಒಂದು ಕೆಂಪು, ಒಂದು ಪಚ್ಚೆ ಅಥವಾ ಒಂದು ಪುಷ್ಯರಾಗವನ್ನು ಪುಟ್ಟ ಪೊಟ್ಟಣದಲ್ಲಿಟ್ಟು ಬಂಧುಗಳಿಗೆ ಉಡುಗೊರೆಯಾಗಿ ಕೊಡುವುದುಂಟು. ಪಡೆದವರು ತಮ್ಮ ಇಚ್ಛೆಯಂತೆ ಉಂಗುರಕ್ಕೋ ಪದಕಕ್ಕೋ ಕಟ್ಟಿಸಿಕೊಳ್ಳಬಹುದು. ಕೊಡುವವರಿಗೆ ಮಜೂರಿಯ ಲೆಕ್ಕವಿಲ್ಲ. ಧರ್ಮವನ್ನೇ ‘ರತ್ನತ್ರಯ’ವೆಂದು ಕರೆದ ಪರಂಪರೆಯಲ್ಲಿ ಬೆಳೆದ ಜೈನ ಗೃಹಸ್ಥನಿಗೆ ಇಂಥ ಉಡುಗೊರೆ ಅರ್ಥಪೂರ್ಣವೆನಿಸುವುದು ಸಹಜ.

ಆದರೆ ಜೈನರಿಗೆ ಆ ಅಮಾವಾಸ್ಯೆ ಭಗವಾನ್ ಮಹಾವೀರರು ಪಾವಾಪುರಿಯಲ್ಲಿ ನಿರ್ವಾಣ ಹೊಂದಿದ ದಿನ. ಅವರು ಗರ್ಭಸ್ಥರಾದಾಗ ತಾಯಿ ಪ್ರಿಯಕಾರಿಣಿ ಕಂಡ ಹದಿನಾರು ಸ್ವಪ್ನಗಳಲ್ಲಿ ರತ್ನರಾಶಿಯೂ ಒಂದು. ಆ ಕುಮಾರನೇ ತನ್ನ 30ನೆಯ ವಯಸ್ಸಿನಲ್ಲಿ ಅರಮನೆಯನ್ನೂ ಆಭರಣಗಳನ್ನೂ ತೊರೆದು ನಡೆದನು. ರತ್ನವನ್ನು ಬಿಟ್ಟವರ ಸ್ಮರಣೆಯ ದಿನ ರತ್ನವನ್ನು ಕೊಡುವುದು ಹೇಗೆ ಹೊಂದುತ್ತದೆ? ಈ ಪ್ರಶ್ನೆಗೆ ಉತ್ತರ ಆಗಮಗಳಲ್ಲಿಯೇ ಇದೆ.

ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯವು ಪರಿಗ್ರಹವನ್ನು ವಸ್ತುವಿನಿಂದ ಅಳೆಯುವುದಿಲ್ಲ. ವಸ್ತುವಿನ ಮೇಲಿನ ಮೂರ್ಛೆಯಿಂದ, ಅಂದರೆ ‘ಇದು ನನ್ನದು’ ಎಂಬ ಮೋಹದಿಂದ ಅಳೆಯುತ್ತದೆ. ಅದೇ ಅಧ್ಯಾಯವು ದಾನವೆಂದರೆ ಅನುಗ್ರಹಕ್ಕಾಗಿ ತನ್ನದನ್ನು ಬಿಟ್ಟುಕೊಡುವುದು ಎನ್ನುತ್ತದೆ. ವಿಧಿ, ದ್ರವ್ಯ, ದಾತೃ, ಪಾತ್ರ ಎಂಬ ನಾಲ್ಕರ ವಿಶೇಷದಿಂದ ದಾನದ ಫಲ ಬೇರೆಬೇರೆಯಾಗುತ್ತದೆ ಎಂದೂ ಹೇಳುತ್ತದೆ. ಇಲ್ಲಿ ‘ತನ್ನದು’ ಎಂಬ ಮಾತು ಮುಖ್ಯ. ಅಂಗಡಿಯಿಂದ ತಂದು ಅಂದೇ ಕೈ ದಾಟಿಸಿದ ಹರಳಿನಲ್ಲಿ ಹಣದ ತ್ಯಾಗವಿದೆ. ಬಹುಕಾಲ ತಾನು ಧರಿಸಿ, ಪ್ರೀತಿಸಿ, ಕಾಪಾಡಿದ ಹರಳನ್ನು ಕೊಡುವಾಗ ಮಮಕಾರದ ತ್ಯಾಗವಿದೆ. ಎರಡನೆಯದೇ ಹಿರಿದು.

ಜಿನಸೇನಾಚಾರ್ಯರ ಆದಿಪುರಾಣವು ಕೊಡುವಿಕೆಯನ್ನು ದಯಾದತ್ತಿ, ಪಾತ್ರದತ್ತಿ, ಸಮದತ್ತಿ, ಅನ್ವಯದತ್ತಿ ಎಂದು ನಾಲ್ಕು ಬಗೆಯಾಗಿ ವಿಭಾಗಿಸುತ್ತದೆ. ದುಃಖಿತ ಜೀವಿಗಳಿಗೆ ಅಭಯ ನೀಡುವುದು ಮೊದಲನೆಯದು, ಮುನಿಗಳಿಗೆ ಆಹಾರಾದಿಗಳನ್ನು ನೀಡುವುದು ಎರಡನೆಯದು. ಆಚಾರ, ವ್ರತಗಳಲ್ಲಿ ತನಗೆ ಸಮಾನನಾದ ಗೃಹಸ್ಥನಿಗೆ ಭೂಮಿ, ಸುವರ್ಣ ಮೊದಲಾದುವನ್ನು ಆದರದಿಂದ ಕೊಡುವುದು ಸಮದತ್ತಿ. ಧರ್ಮ ಮತ್ತು ಧನ ಎರಡನ್ನೂ ಮಗನಿಗೆ ಒಪ್ಪಿಸುವುದು ಅನ್ವಯದತ್ತಿ. ಹಾಗಾಗಿ ಶ್ರಾವಕನು ಶ್ರಾವಕನಿಗೆ ಹರಳು ಕೊಡುವುದು ನಿಷಿದ್ಧವಲ್ಲ. ಆದರೆ ಅದನ್ನು ಸಮದತ್ತಿಯಾಗಿಯೇ ಕೊಡಬೇಕು. ಪಡೆದವನನ್ನು ಋಣಿಯನ್ನಾಗಿ ಮಾಡುವ, ನೆರೆದವರ ಮುಂದೆ ತನ್ನ ಸಿರಿಯನ್ನು ಮೆರೆಸುವ ಉಡುಗೊರೆಯಲ್ಲಿ ‘ಸಮ’ ಎಂಬುದೇ ಉಳಿಯುವುದಿಲ್ಲ.

ಇನ್ನೂ ಸೂಕ್ಷ್ಮವಾದ ಒಂದು ದೋಷವಿದೆ. ಪರಿಗ್ರಹ ಪರಿಮಾಣದ ವ್ರತ ತೊಟ್ಟವನು ತನ್ನ ಮಿತಿ ತುಂಬಿದಾಗ ಹೆಚ್ಚಾದುದನ್ನು ಮಡದಿ ಮಕ್ಕಳಿಗೆ ಹಬ್ಬದ ಉಡುಗೊರೆಯೆಂದು ಕೊಟ್ಟು, ತನ್ನದೇ ಬೀರುವಿನಲ್ಲಿರಿಸಿ, ಬೆಲೆ ಏರುವುದನ್ನು ಕಾಯುವುದುಂಟು. ಒಡೆತನದ ಹೆಸರು ಬದಲಾಯಿತೇ ಹೊರತು ಮೂರ್ಛೆ ಬದಲಾಗಲಿಲ್ಲ. ಇದು ದಾನವಲ್ಲ; ವ್ರತಕ್ಕೆ ತಾನೇ ಮಾಡಿಕೊಂಡ ವಂಚನೆ.

ಅನೇಕ ಮನೆಗಳಲ್ಲಿ ಎದುರಾಗುವ ಸನ್ನಿವೇಶವೊಂದನ್ನು ನೋಡಬಹುದು. ವೃದ್ಧೆಯೊಬ್ಬಳು ತನ್ನ ವಜ್ರದ ಓಲೆಗಳನ್ನು ಬಿಚ್ಚಿಸಿ, ಹರಳುಗಳನ್ನು ಇಬ್ಬರು ಸೊಸೆಯಂದಿರಿಗೂ ಒಬ್ಬ ಮಗಳಿಗೂ ಹಂಚಲು ಬಯಸುತ್ತಾಳೆ. ಓಲೆಗೆ ಏಳರಂತೆ ಒಟ್ಟು ಹದಿನಾಲ್ಕು ಹರಳು. ತಲಾ ನಾಲ್ಕು ಕೊಟ್ಟರೆ ಎರಡು ಉಳಿಯುತ್ತವೆ. ಆ ಎರಡು ಯಾರಿಗೆ? ಮಗಳಿಗೆ ಗುಟ್ಟಾಗಿ ಕೊಟ್ಟರೆ ಸೊಸೆಯಂದಿರ ಮನಸ್ಸು ಮುರಿಯುತ್ತದೆ. ಹಿರಿಯ ಸೊಸೆಗೆ ಕೊಟ್ಟರೆ ಉಳಿದಿಬ್ಬರು ಮುನಿಯುತ್ತಾರೆ. ಪ್ರೀತಿಯಿಂದ ಹೊರಟ ಉಡುಗೊರೆಯು ಕ್ರೋಧ, ಮಾನ, ಮಾಯೆ, ಲೋಭಗಳೆಂಬ ನಾಲ್ಕು ಕಷಾಯಗಳನ್ನೂ ಒಂದೇ ಮನೆಯಲ್ಲಿ ಎಬ್ಬಿಸಬಲ್ಲದು. ಮೂವರನ್ನೂ ಕೂರಿಸಿಕೊಂಡು, ಎಲ್ಲರೆದುರಿಗೆ ಸಮನಾಗಿ ಹಂಚಿ, ಉಳಿದೆರಡನ್ನು ಮಾರಿ ಬಂದ ಹಣವನ್ನು ಔಷಧದಾನಕ್ಕೋ ಬಡ ವಿದ್ಯಾರ್ಥಿಯ ಪುಸ್ತಕಕ್ಕೋ ವಿನಿಯೋಗಿಸುವುದು ಆ ತಾಯಿಗಿರುವ ಸರಳ ಮಾರ್ಗ. ಹಾಗೆ ಮಾಡಿದರೆ ಪಡೆದ ಮೂವರಿಗೂ ಕೊಡುವ ಪಾಠ ದೊರೆಯುತ್ತದೆ.

ಕೊಂಡೇ ಕೊಡುವುದಾದರೆ ಸತ್ಯದ ಪರೀಕ್ಷೆ ಇನ್ನೂ ಕಠಿಣ. ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ಕಳವಿನ ಮಾಲನ್ನು ಕೊಳ್ಳುವುದು, ತೂಕ ಅಳತೆಗಳಲ್ಲಿ ಹೆಚ್ಚು ಕಡಿಮೆ ಮಾಡುವುದು ಹಾಗೂ ಪ್ರತಿರೂಪಕ ವ್ಯವಹಾರ, ಅಂದರೆ ಅಸಲಿನಂತೆ ತೋರುವ ನಕಲಿಯನ್ನು ನಡೆಸುವುದು ಸೇರಿವೆ. ಹರಳಿನ ವ್ಯಾಪಾರಕ್ಕೆ ಈ ಮೂರೂ ನೇರವಾಗಿ ಅನ್ವಯಿಸುತ್ತವೆ. ಒಂದು ಕ್ಯಾರೆಟ್ ಎಂದರೆ ಕೇವಲ 200 ಮಿಲಿಗ್ರಾಂ. ಅಲ್ಪ ವ್ಯತ್ಯಾಸಕ್ಕೂ ದೊಡ್ಡ ಬೆಲೆ. ಬಿರುಕುಗಳಿಗೆ ಸೀಸದ ಗಾಜು ತುಂಬಿದ ಕೆಂಪು ಹೊರನೋಟಕ್ಕೆ ಒಳ್ಳೆಯ ಹರಳಿನಂತೆಯೇ ಕಾಣುತ್ತದೆ. ಅಕ್ಕಸಾಲಿಗನ ಉರಿ ತಾಗಿದಾಗ ಅಥವಾ ನಿಂಬೆರಸದಂಥ ಆಮ್ಲ ಸೋಕಿದಾಗ ಮಾತ್ರ ಅದರ ನಿಜರೂಪ ಬಯಲಾಗುತ್ತದೆ. ಪ್ರಯೋಗಾಲಯದಲ್ಲಿ ಬೆಳೆಸಿದ ವಜ್ರವೂ ಗಣಿಯ ವಜ್ರದಂತೆ ಇಂಗಾಲವೇ. ಬರಿಗಣ್ಣಿಗೆ ಭೇದ ತಿಳಿಯದು. ಅದನ್ನು ಅದರ ಹೆಸರಿನಿಂದಲೇ ಕೊಟ್ಟರೆ ದೋಷವಿಲ್ಲ, ಗಣಿಯದೆಂದು ನಂಬಿಸಿದರೆ ದೋಷ. ಆದುದರಿಂದ ಹರಳಿನ ಜೊತೆಗೆ ಅದರ ಪರೀಕ್ಷಾ ಪತ್ರವನ್ನೂ ಕೊಡುವುದು, ಸಂಸ್ಕರಿಸಿದ್ದಾದರೆ ಹಾಗೆಂದು ಬಾಯಿಬಿಟ್ಟು ಹೇಳುವುದು ಶ್ರಾವಕನ ಕರ್ತವ್ಯ.

ರತ್ನವ್ಯಾಪಾರದಲ್ಲಿದ್ದೂ ರತ್ನಕ್ಕೆ ಅಂಟದೆ ಬಾಳಬಹುದೆಂಬುದಕ್ಕೆ ಶ್ರೀಮದ್ ರಾಜಚಂದ್ರರು (1867–1901) ನಿದರ್ಶನ. ಗಾಂಧೀಜಿ ಆಧ್ಯಾತ್ಮಿಕ ಸಂದೇಹಗಳಿಗೆ ಉತ್ತರ ಅರಸಿದ್ದು ಮುಂಬಯಿಯ ಈ ಮುತ್ತು ರತ್ನಗಳ ವ್ಯಾಪಾರಿಯಲ್ಲಿ. ಅವರ ಚರಿತ್ರೆಗಳಲ್ಲಿ ಒಂದು ಪ್ರಸಂಗ ಬರುತ್ತದೆ. ಅರಬ್ಬಿ ವರ್ತಕನೊಬ್ಬನ ತಮ್ಮನು ಅಣ್ಣನಿಗೆ ಹೇಳದೆ ಮುತ್ತುಗಳನ್ನು ಅವರಿಗೆ ಮಾರಿಬಿಟ್ಟನಂತೆ. ಅಣ್ಣನ ಕೋಪಕ್ಕೆ ಹೆದರಿ ಅವನು ಮರಳಿ ಬಂದಾಗ, ದೊಡ್ಡ ಲಾಭ ಕೈಯಲ್ಲಿದ್ದರೂ ರಾಜಚಂದ್ರರು ಮುತ್ತುಗಳನ್ನು ಹಾಗೆಯೇ ಹಿಂದಿರುಗಿಸಿದರು.

ಅಹಿಂಸೆಯ ದೃಷ್ಟಿಯಿಂದಲೂ ಯೋಚಿಸಬೇಕು. ಭೂಗರ್ಭದಲ್ಲಿರುವ ಮಣಿಗಳನ್ನು ಆಗಮಗಳು ಪೃಥ್ವೀಕಾಯವೆಂದು ಗಣಿಸುತ್ತವೆ. ಸ್ಥಾವರ ಹಿಂಸೆಯನ್ನು ಗೃಹಸ್ಥನು ಸಂಪೂರ್ಣವಾಗಿ ತಪ್ಪಿಸಲಾರ, ಅನಗತ್ಯವಾದುದನ್ನು ತಪ್ಪಿಸಬಲ್ಲ. ಮುತ್ತಿನ ವಿಷಯ ಇನ್ನೂ ಗಂಭೀರ. ಚಿಪ್ಪುಜೀವಿ ದ್ವೀಂದ್ರಿಯ, ತ್ರಸಜೀವಿ. ಕೃಷಿಮುತ್ತಿಗಾಗಿ ಅದರ ದೇಹವನ್ನು ಕೊಯ್ದು ಒಳಗೆ ಮಣಿಯನ್ನಿಡುತ್ತಾರೆ. ಮುತ್ತು ತೆಗೆಯುವಾಗ ಅದು ಹಲವೊಮ್ಮೆ ಸಾಯುತ್ತದೆ. ನಿರ್ವಾಣದ ದಿನದ ಉಡುಗೊರೆಗೆ ಹೊಸ ಮುತ್ತು ಸಲ್ಲದು. ಮನೆಯಲ್ಲಿಯೇ ಇರುವ ಹಳೆಯ ಹರಳಿಗಾದರೋ ಹೊಸ ಗಣಿ ಬೇಕಿಲ್ಲ, ಹೊಸ ಹಿಂಸೆಯೂ ಇಲ್ಲ. ಅಪರಿಗ್ರಹ ಮತ್ತು ಅಹಿಂಸೆ ಎರಡೂ ಇಲ್ಲಿ ಒಂದೇ ದಾರಿಯನ್ನು ತೋರುತ್ತವೆ.

ಗ್ರಹದೋಷ ನಿವಾರಣೆಗೆಂದು ಹರಳು ಕೊಡುವವರೂ ಇದ್ದಾರೆ. ಆದರೆ ಕರ್ಮಸಿದ್ಧಾಂತದ ಪ್ರಕಾರ ಕಟ್ಟಿದ ಕರ್ಮವನ್ನು ಸಡಿಲಿಸುವುದು ತಪಸ್ಸು ಮತ್ತು ಸಂಯಮ, ಬೆರಳಿನ ಕಲ್ಲಲ್ಲ. ಆ ಭರವಸೆಯನ್ನು ಹರಳಿಗೆ ಅಂಟಿಸಿ ಕೊಡುವುದು ಪಡೆದವನ ಸಮ್ಯಗ್ದರ್ಶನವನ್ನೇ ಮಸುಕಾಗಿಸುತ್ತದೆ.

ಕನ್ನಡ ನಾಡು ಅತ್ತಿಮಬ್ಬೆಯನ್ನು ‘ದಾನಚಿಂತಾಮಣಿ’ ಎಂದು ಕರೆಯಿತು. ಚಿಂತಾಮಣಿಯೆಂದರೆ ಬೇಡಿದ್ದನ್ನು ಕೊಡುವ ರತ್ನ. ಆಕೆ ಚಿನ್ನ ಮತ್ತು ಮಣಿಗಳ 1,500 ಜಿನಬಿಂಬಗಳನ್ನು ಮಾಡಿಸಿ ಕೊಟ್ಟಳು. ಪೊನ್ನನ ಶಾಂತಿಪುರಾಣದ 1,000 ಪ್ರತಿಗಳನ್ನು ಬರೆಸಿ ಹಂಚಿದಳು. ರತ್ನವನ್ನು ಕೊಟ್ಟ ಆ ಕೈ ಶಾಸ್ತ್ರವನ್ನೂ ಕೊಟ್ಟಿತು. ಈ ದೀಪಾವಳಿಗೆ ಹರಳು ಕೊಡಬಯಸುವ ಶ್ರಾವಕನು ಮೊದಲು ತನ್ನ ಪೆಟ್ಟಿಗೆಯನ್ನು ತೆರೆದು, ಬಿಡಲು ಮನಸ್ಸಾಗದ ಒಂದನ್ನು ಆರಿಸಲಿ. ಅದರ ನಿಜವನ್ನು ಹೇಳಿ, ಜೊತೆಗೊಂದು ಶಾಸ್ತ್ರಗ್ರಂಥವನ್ನಿಟ್ಟು ಕೊಡಲಿ. ಕೊಟ್ಟ ಮೇಲೆ ಅದನ್ನು ಕಟ್ಟಿಸಿಕೊಂಡರೋ, ಮಾರಿದರೋ ಎಂದು ಕೇಳದಿರಲಿ.